ಸ್ಕೂಟರ್ ಕೀ ಮುಟ್ಟಿದರೆ ಅಂಗೈ ಬೆವರುತ್ತೆ

ಆಘಾತದ ನಂತರ ಉಳಿದುಬಿಡುವ ಭಯದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಒಂದು ಆರು ಪುಟದ್ದು. ಅಂಕಣದ ಅರ್ಧಕ್ಕಿಂತ ಹೆಚ್ಚು ಜಾಗ ಅದಕ್ಕೇ ಹೋಗಿದೆ, ಉಳಿದವರು ಬೇಸರಿಸಬಾರದು. ಬರೆದವರ ಗುರುತು ಸಿಗದಂತೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಮನೆ ಬನಶಂಕರಿ ಮೂರನೇ ಹಂತ, ಕೆಲಸ ಜಯನಗರದಲ್ಲಿ. ಎರಡೂವರೆ ವರ್ಷದ ಹಿಂದೆ, ಮಳೆ ಹನೀತಿದ್ದ ಒಂದು ಸಂಜೆ, ತಂಗಿಯನ್ನು ಹಿಂದೆ ಕೂರಿಸಿಕೊಂಡು ರಿಂಗ್ ರೋಡಿನಲ್ಲಿ ಬರ್ತಿದ್ದೆ. ಮುಂದಿದ್ದ ನೀರಿನ ಟ್ಯಾಂಕರ್ ಗಕ್ಕನೆ ನಿಂತಿತು. ನಾನೂ ಬ್ರೇಕ್ ಹಾಕಿದೆ, ಗಾಡಿ ಜಾರಿತು. ನನಗೆ ಮೊಣಕೈ ತರಚಿದ್ದು ಅಷ್ಟೇ. ತಂಗಿಯ ತೊಡೆಮೂಳೆ ಮುರಿದು ರಾಡ್ ಹಾಕಿದರು. ಅವಳು ಈಗ ಆರಾಮಾಗಿದ್ದಾಳೆ, ಗಾಡಿಯನ್ನೂ ಓಡಿಸ್ತಾಳೆ. ನಾನು ಮೊದಲು ಸ್ಕೂಟರ್ ಬಿಟ್ಟೆ. ಆಮೇಲೆ ಮಳೆ ಬಂದ ದಿನ ಆಟೊ ಬಿಟ್ಟೆ. ಈಗ ಬಸ್ಸಿನಲ್ಲೂ ಕಿಟಕಿ ಪಕ್ಕ ಕೂರಲ್ಲ. ನಮ್ಮ ಬೀದಿಗೆ ಟ್ಯಾಂಕರ್ ಬಂದು ರಿವರ್ಸ್ ತಗೊಳ್ಳುವಾಗ ಬರುವ ಆ ಟ್ಯೂನ್ ಕೇಳಿದರೆ ಕೈಲಿರೋ ಪಾತ್ರೆ ಕೆಳಗಿಡ್ತೀನಿ. ಗಾಡಿ ಕೀ ಫ್ರಿಜ್ ಮೇಲಿದೆ, ಧೂಳು ಒರೆಸೋಕೆ ಎತ್ತಿದರೂ ಅಂಗೈ ಬೆವರುತ್ತೆ. ನಮ್ಮ ಯಜಮಾನರು ಬಹಳ ಒಳ್ಳೆಯವರು. "ನಿನಗ್ಯಾಕೆ ಕಷ್ಟ, ನಾನೇ ಬಿಡ್ತೀನಿ ಬಾ" ಅಂತಾರೆ. ದಿನಾ ಬಿಡ್ತಾರೆ, ದಿನಾ ಕರ್ಕೊಂಡು ಬರ್ತಾರೆ. ಬಿಹೇವಿಯರ್ ಥೆರಪಿಯಲ್ಲಿ ಬಲವಂತವಾಗಿ ಗಾಡಿ ಮೇಲೆ ಕೂರಿಸ್ತಾರೆ ಅಂತ ಗೆಳತಿ ಹೆದರಿಸಿದ್ದಾಳೆ, ಹೌದಾ? ಹಿಪ್ನಾಟಿಸಂ ಮಾಡಿ ಆ ದಿನವನ್ನು ಅಳಿಸಿಹಾಕೋಕೆ ಆಗಲ್ವಾ? ಆತಂಕ ತಗ್ಗಿಸೋ ಆಲ್‌ಪ್ರಜೋಲಮ್ ಮಾತ್ರೆಯನ್ನು ಅದೇ ಗೆಳತಿ ಕೊಟ್ಟಿದ್ದಾಳೆ, ಗಾಡಿ ಹತ್ತೋ ಮುಂಚೆ ನುಂಗಲಾ? ಕಣ್ಣು ಅತ್ತಿತ್ತ ಆಡಿಸೋ ಚಿಕಿತ್ಸೆ ಅಂತ ಒಂದಿದೆಯಂತಲ್ಲ, ಅದು?
(ಹೆಸರು ಬೇಡ, ಬನಶಂಕರಿ)

ಉತ್ತರ: ಆರನೇ ಪುಟದಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಬೆಳಕಿಗೆ ಹಿಡಿದು ಓದಿಬಿಟ್ಟೆ, ಕ್ಷಮಿಸಿ. "ನಾನು ಬ್ರೇಕ್ ಹಾಕದೇ ಇದ್ದಿದ್ದರೆ" ಅಂತಿದೆ. ನನ್ನ ಉತ್ತರ ಅಲ್ಲಿಂದಲೇ ಶುರು.

ಗಾಂಧಿ ಬಜಾರಿನ ನನ್ನ ಚಿಕಿತ್ಸೆಯ ಕೋಣೆಗೆ ನೀವು ಬಂದರೆ ಮೊದಲ ದಿನ ಸ್ಕೂಟರಿನ ಮಾತೇ ಎತ್ತುವುದಿಲ್ಲ. ನಿದ್ದೆ ಹೇಗೆ, ಆ ಸಂಜೆ ಕನಸಿನಲ್ಲಿ ಬರುತ್ತದಾ, ಒದ್ದೆ ಟಾರಿನ ವಾಸನೆ ಬಂದಾಗ ಎರಡೂವರೆ ವರ್ಷ ಕಳೆದಿದೆ ಅನ್ನುವುದೇ ಮರೆತು ಅದು ಈಗಲೇ ಆಗುತ್ತಿದೆ ಅನಿಸುತ್ತದಾ, ತಂಗಿಯ ಕಾಲಿನ ಹೊಲಿಗೆಯ ಗುರುತು ಕಂಡರೆ ಮುಖ ತಿರುಗಿಸುತ್ತೀರಾ, ಇವನ್ನೆಲ್ಲ ಕೇಳುತ್ತೇನೆ. ಯಾಕೆಂದರೆ ಹೊರಗಿನಿಂದ ಒಂದೇ ತರಹ ಕಾಣುವ ಎರಡು ತೊಂದರೆಗಳಿವೆ. ಒಂದರಲ್ಲಿ ವಸ್ತುವಿನ ಭಯ: ಗಾಡಿ ಕಂಡರೆ ಭಯ, ಗಾಡಿ ಕಾಣದಿದ್ದರೆ ಆರಾಮ. ಇದು ಫೋಬಿಯಾ. ಇನ್ನೊಂದರಲ್ಲಿ ನೆನಪೇ ಬೆನ್ನಟ್ಟುತ್ತದೆ. ಗಾಡಿ ಮಾರಿದರೂ ಅದು ಬಿಡುವುದಿಲ್ಲ, ಜೊತೆಗೆ ತಪ್ಪಿತಸ್ಥ ಭಾವ ಅಂಟಿಕೊಂಡಿರುತ್ತದೆ. ಇದಕ್ಕೆ ಆಘಾತೋತ್ತರ ಒತ್ತಡ, ಪಿಟಿಎಸ್‌ಡಿ ಅನ್ನುತ್ತೇವೆ. ಪತ್ರ ನೋಡಿಯೇ ಇಂಥದ್ದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಹೊಡೆದುಹಾಕಿದ ಆ ಸಾಲು ಎರಡನೆಯದರ ಕಡೆ ಬೆರಳು ತೋರಿಸುತ್ತಿದೆ.

ಹಾಗಿದ್ದರೆ ಗಾಡಿಗಿಂತ ಮೊದಲು ಆ ಸಂಜೆಯ ಕೆಲಸ ಆಗಬೇಕು. ಎಡ್ನಾ ಫೋವಾ ಎಂಬ ಮನೋವಿಜ್ಞಾನಿ ರೂಪಿಸಿದ, ಭಯವನ್ನು ತಪ್ಪಿಸಿಕೊಳ್ಳದೆ ಎದುರಿಸುವ ಒಂದು ವಿಧಾನವಿದೆ, ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅಂತ. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಸುಮಾರು 90 ನಿಮಿಷ. ಕಣ್ಣು ಮುಚ್ಚಿ ಆ ದಿನದ ಕಥೆಯನ್ನು ವರ್ತಮಾನದಲ್ಲಿ ಹೇಳಬೇಕು. "ಮಳೆ ಬಂದಿತ್ತು" ಅಲ್ಲ, "ಮಳೆ ಹನೀತಿದೆ, ತಂಗಿ ಏನೋ ಹೇಳ್ತಿದ್ದಾಳೆ, ಹೆಲ್ಮೆಟ್ಟಲ್ಲಿ ಕೇಳಿಸ್ತಿಲ್ಲ, ಮುಂದೆ ಟ್ಯಾಂಕರ್ ಇದೆ." ಮುಗಿದ ಮೇಲೆ ಮತ್ತೆ ಮೊದಲಿನಿಂದ. ರೆಕಾರ್ಡ್ ಮಾಡಿಕೊಂಡು ಮನೆಯಲ್ಲೂ ಕೇಳಬೇಕು. ಕ್ರೂರ ಅನ್ನಿಸುತ್ತದೆ, ಗೊತ್ತು. ಮೊದಲೆರಡು ವಾರ ನನ್ನನ್ನು ಮನಸ್ಸಿನಲ್ಲೇ ಬೈದುಕೊಳ್ಳದವರು ಕಡಿಮೆ. ಆದರೆ ನಾಲ್ಕೈದನೇ ಸಲ ಹೇಳುವಾಗ, ಅಷ್ಟು ದಿನ ಕಥೆಯಲ್ಲಿ ಇಲ್ಲದ ಒಂದು ವಿವರ ತಾನಾಗಿಯೇ ಬರುತ್ತದೆ. ಬ್ರೇಕ್ ಹಾಕದಿದ್ದರೆ ಸೀದಾ ಟ್ಯಾಂಕರಿನ ಕೆಳಗೆ ಹೋಗುತ್ತಿದ್ದೆವು ಅನ್ನುವಂಥದ್ದು. ಅದನ್ನು ನಾನು ಹೇಳಿದರೆ ಸಮಾಧಾನದ ಮಾತು. ನಿಮ್ಮ ಬಾಯಲ್ಲೇ ಬಂದಾಗ ಅದರ ತೂಕ ಬೇರೆ.

ಹಿಪ್ನಾಟಿಸಂ ಕೇಳಿದ್ದೀರಿ. ನೆನಪನ್ನು ಅಳಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಇದೆ ಅನ್ನುವವರಿಗೆ ಮುಂಗಡ ಕೊಡಬೇಡಿ. ಅಳಿಸುವ ಅಗತ್ಯವೂ ಇಲ್ಲ. ಗಂಟೆ ಬಾರಿಸಿ ಆಹಾರ ಕೊಟ್ಟು ನಾಯಿಗೆ ಜೊಲ್ಲು ಸುರಿಸಲು ಕಲಿಸಿದ ಪಾವ್ಲೋವ್ ಕಥೆ ಪಿಯುಸಿಯಲ್ಲಿ ಓದಿರುತ್ತೀರಿ. ಆಹಾರ ಕೊಡದೆ ಗಂಟೆ ಮಾತ್ರ ಬಾರಿಸುತ್ತಾ ಹೋದರೆ ಜೊಲ್ಲು ನಿಂತಿತು. ಆದರೆ ಸ್ವಲ್ಪ ಕಾಲ ಬಿಟ್ಟು ಮತ್ತೆ ಬಾರಿಸಿದರೆ ಒಂದಿಷ್ಟು ಮರಳಿ ಬಂತು. ಅಂದರೆ ಹಳೆಯ ಪಾಠ ಅಳಿದಿರಲಿಲ್ಲ, ಅದರ ಪಕ್ಕ ಹೊಸ ಪಾಠ ಕೂತಿತ್ತು. ನಮ್ಮ ಚಿಕಿತ್ಸೆಯೂ ಅಷ್ಟೇ. 'ಟ್ಯಾಂಕರ್ ಎಂದರೆ ತಂಗಿಯ ಕಿರುಚಾಟ' ಎಂಬ ಪಾಠದ ಪಕ್ಕದಲ್ಲಿ 'ಟ್ಯಾಂಕರ್ ಎಂದರೆ ಪಕ್ಕದ ಅಪಾರ್ಟ್‌ಮೆಂಟಿನ ನೀರಿನ ತೊಟ್ಟಿಗೆ (ಸಂಪ್) ನೀರು' ಎಂಬುದನ್ನೂ ಕೂರಿಸುವುದು, ಮತ್ತೆ ಮತ್ತೆ ಕೂರಿಸಿ ಅದಕ್ಕೆ ಬಲ ಬರಿಸುವುದು.

ಇನ್ನು ಗಾಡಿ. ಬಲವಂತವಾಗಿ ಯಾರೂ ಕೂರಿಸುವುದಿಲ್ಲ, ಕೂರಿಸಿದರೆ ಅದು ಚಿಕಿತ್ಸೆಯಲ್ಲ. ಒಂದು ಏಣಿ ಬರೆಯುತ್ತೇವೆ. ಮೆಟ್ಟಿಲುಗಳನ್ನು ನೀವೇ ಹೇಳಬೇಕು, ಪ್ರತಿಯೊಂದಕ್ಕೂ 0ಯಿಂದ 100ರೊಳಗೆ ಭಯದ ಅಂಕವನ್ನೂ ನೀವೇ ಕೊಡಬೇಕು. ಈ ಅಂಕ ಹಾಕುವ ಪದ್ಧತಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಅವರಿಂದ ಬಂದದ್ದು. 1958ರಲ್ಲಿ ಪುಸ್ತಕವಾಗಿ ಬಂದ ಅವರ ವಿಧಾನದಲ್ಲಿ ಮೊದಲು ಮೈ ಸಡಿಲಿಸುವುದನ್ನು ಕಲಿಸಿ, ಆಮೇಲೆ ಭಯದ ಚಿತ್ರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಕಲ್ಪಿಸಿಕೊಳ್ಳಲು ಹೇಳುತ್ತಿದ್ದರು. ನಿಮ್ಮ ಪತ್ರದಿಂದ ನಾನು ಊಹಿಸುವ ಏಣಿ ಹೀಗಿದೆ. ಫ್ರಿಜ್ ಮೇಲಿನ ಕೀ ಹಿಡಿದು ಹತ್ತು ನಿಮಿಷ ಕೂರುವುದು, 20. ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ ಸುಮ್ಮನೆ ಕೂರುವುದು, 30. ಸ್ಟಾರ್ಟ್ ಮಾಡಿ ಶಬ್ದ ಕೇಳುವುದು, 40. ಭಾನುವಾರ ಬೆಳಗ್ಗೆ ಆರೂವರೆಗೆ, ಹಾಲಿನವರು ಪೇಪರಿನವರು ಬಿಟ್ಟರೆ ಯಾರೂ ಇಲ್ಲದ ಹೊತ್ತಿನಲ್ಲಿ, ನಿಮ್ಮ ಬೀದಿಯಲ್ಲಿ ಒಂದು ಸುತ್ತು, 55. ಟ್ಯಾಂಕರ್ ನೀರು ಇಳಿಸುವಾಗ ಗೇಟಿನಲ್ಲಿ ನಿಂತು ಕೊನೆಯವರೆಗೂ ನೋಡುವುದು, 60. ಒಣ ದಿನದಲ್ಲಿ ಜಯನಗರಕ್ಕೆ ಒಬ್ಬರೇ, 75. ತಂಗಿಯನ್ನು ಹಿಂದೆ ಕೂರಿಸಿಕೊಂಡು, 90. ಇದನ್ನು ಅವಳಿಗೆ ಹೇಳಿ ನೋಡಿ. ನಿಮಗಿಂತ ಮೊದಲು ಹೆಲ್ಮೆಟ್ ಹಾಕಿಕೊಂಡು ನಿಲ್ಲುತ್ತಾಳೆ ಅಂತ ನನ್ನ ಊಹೆ.

100ಕ್ಕೆ ಏನೂ ಬರೆದಿಲ್ಲ ನೋಡಿ. ಸುರಿಯುವ ಮಳೆಯಲ್ಲಿ ಸೋರುವ ಟ್ಯಾಂಕರಿನ ಬೆನ್ನಿಗೆ ಗಾಡಿ ಓಡಿಸುವುದಕ್ಕೆ ಭಯಪಡಲೇಬೇಕು, ಅದು ಕಾಯಿಲೆಯಲ್ಲ. ಆ ಭಯವನ್ನು ನಾನು ವಾಸಿ ಮಾಡಲು ಹೋಗುವುದಿಲ್ಲ.

ಪ್ರತಿ ಮೆಟ್ಟಿಲಿಗೂ ನೋಟ್‌ಬುಕ್ಕಿನಲ್ಲಿ ಎರಡು ಸಾಲು. ಹೋಗುವ ಮುಂಚೆ 'ಏನಾಗುತ್ತದೆ ಅಂದುಕೊಂಡಿದ್ದೇನೆ', ಬಂದ ಮೇಲೆ 'ಏನಾಯಿತು'. ಮೊದಲೆಲ್ಲ ನಾವು ಭಯದ ಅಂಕ ಇಳಿಯುವವರೆಗೆ ಕಾಯಿಸುತ್ತಿದ್ದೆವು. ಅಂಕ ಇಳಿದರೆ ಒಳ್ಳೆಯದೇ, ಇಳಿಯದಿದ್ದರೂ ನಷ್ಟವಿಲ್ಲ. ನೀವು ಎಣಿಸಿದ್ದು ನಡೆಯಲಿಲ್ಲವಲ್ಲ, ಮನಸ್ಸಿಗೆ ಆಗುವ ಆ ಆಶ್ಚರ್ಯದ ಮೇಲೆ ಈಗ ಹೆಚ್ಚು ಗಮನ. ಆ ಆಶ್ಚರ್ಯ ಹಾಳಾಗಬಾರದು ಅಂತಲೇ ಒಂದು ಷರತ್ತು: ಯಜಮಾನರು ಬೈಕಿನಲ್ಲಿ ಹಿಂದೆ ಹಿಂದೆ ಬರುವಂತಿಲ್ಲ. ದಾರಿಯುದ್ದಕ್ಕೂ ಹನುಮಾನ್ ಚಾಲೀಸಾ ಹೇಳಿಕೊಳ್ಳುತ್ತೇನೆ ಅಂತ ಬರೆದಿದ್ದೀರಿ. ಆಂಜನೇಯನ ಮೇಲೆ ನನಗೇನೂ ಸಿಟ್ಟಿಲ್ಲ, ಗಾಳಿ ಆಂಜನೇಯನ ಗುಡಿಗೆ ನಾನೂ ಹೋಗುತ್ತೇನೆ. ಆದರೆ ಚಾಲೀಸಾ ಹೇಳಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಲೆಕ್ಕ ಬರೆದುಕೊಂಡರೆ, ರಸ್ತೆ ಮೊದಲಿನಷ್ಟೇ ಭಯಂಕರವಾಗಿ ಉಳಿಯುತ್ತದೆ. ಹೊರಡುವ ಮುಂಚೆ ಮನೆಯಲ್ಲಿ ಹೇಳಿ.

ಯಜಮಾನರ ವಿಷಯ. "ನಾನೇ ಬಿಡ್ತೀನಿ ಬಾ" ಅನ್ನುವ ಮಾತನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ, ಅಪ್ಪಂದಿರಿಂದ, ಗಂಡಂದಿರಿಂದ, ಮೊನ್ನೆ ಒಬ್ಬ ಸೊಸೆಯಿಂದ. ಅದರಲ್ಲಿರುವ ಪ್ರೀತಿ ನಿಜ. ಅದು ಮಾಡುವ ಕೆಲಸವೇ ಬೇರೆ. ಪ್ರತಿ ಸಲ ತಪ್ಪಿಸಿಕೊಂಡಾಗಲೂ 'ಸದ್ಯ, ಬಚಾವಾದೆ' ಅನ್ನುವ ಹಗುರ ಸಿಗುತ್ತದೆ. ಆ ಹಗುರವೇ ಭಯಕ್ಕೆ ಹಾಕುವ ಗೊಬ್ಬರ. ಸ್ಕೂಟರಿನಿಂದ ಆಟೊಗೆ, ಆಟೊದಿಂದ ಬಸ್ಸಿನ ಕಿಟಕಿಗೆ ಅದು ಹೇಗೆ ಬೆಳೆಯಿತು ಅಂತ ನೀವೇ ಬರೆದಿದ್ದೀರಿ, ನಾನು ಬಿಡಿಸಿ ಹೇಳಬೇಕಿಲ್ಲ. ಹಾಗಂತ ನಾಳೆಯಿಂದ ಅವರು ಕೈ ಬಿಡುವುದೂ ಬೇಡ. ಮೊದಲು ವಾರಕ್ಕೆ ಒಂದು ದಿನ ನೀವೇ ಬಸ್ಸಿನಲ್ಲಿ ಹೋಗಿ, ಕಿಟಕಿ ಪಕ್ಕ ಕೂತು. ಯಾವ ದಿನ ಅನ್ನುವುದನ್ನು ನೀವು ಗೊತ್ತು ಮಾಡಿ, ಅವರಲ್ಲ.

ಮಾತ್ರೆಯ ಬಗ್ಗೆ: ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಔಷಧಿ ಬರೆಯುವಂತಿಲ್ಲ, ಅದು ಮನೋವೈದ್ಯರ ಕೆಲಸ. ನಿದ್ದೆಯೇ ಬಾರದ, ಮಂಕು ಹಿಡಿದ ಸ್ಥಿತಿಯಲ್ಲಿ ಅವರು ಕೊಡುವ ಔಷಧಿಯಿಂದ ಎಷ್ಟೋ ಜನರಿಗೆ ಚಿಕಿತ್ಸೆಗೆ ಕೂರುವ ಶಕ್ತಿ ಬರುತ್ತದೆ. ಆದರೆ ಗಾಡಿ ಹತ್ತುವ ಅರ್ಧ ಗಂಟೆ ಮುಂಚೆ ಗೆಳತಿ ಕೊಟ್ಟ ಆಲ್‌ಪ್ರಜೋಲಮ್ ನುಂಗುವ ಯೋಚನೆ ಬಿಡಿ. ಮಂಪರಿನಲ್ಲಿ ಗಾಡಿ ಓಡಿಸುವುದೇ ಅಪಾಯ, ಅದರ ಮೇಲೆ ಧೈರ್ಯದ ಯಶಸ್ಸೆಲ್ಲ ಮಾತ್ರೆಯ ಖಾತೆಗೆ ಹೋಗುತ್ತದೆ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ಮಾತ್ರ ತಟ್ಟನೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಕಣ್ಣು ಅತ್ತಿತ್ತ ಆಡಿಸುವ ಚಿಕಿತ್ಸೆ ಅಂತ ನೀವು ಕೇಳಿರುವುದು ಇಎಂಡಿಆರ್. ಫ್ರಾನ್ಸಿನ್ ಶಪೀರೊ 1980ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ ಆಘಾತಕ್ಕೆ ಅದನ್ನೂ ಸೇರಿಸಿದೆ. ತರಬೇತಿ ಪಡೆದವರು ಸಿಕ್ಕರೆ ಅದೂ ಆದೀತು.

ಪ್ರಶ್ನೆ: ನನ್ನ ಎಂಟು ವರ್ಷದ ಮಗನಿಗೆ ಕಳೆದ ವರ್ಷ ಬೀದಿನಾಯಿ ಕಚ್ಚಿತು. ಇಂಜೆಕ್ಷನ್ ಎಲ್ಲ ಆಯಿತು. ಈಗ ನಾಯಿ ಬೊಗಳಿದ ಸದ್ದು ಕೇಳಿದರೆ ಮೂರನೇ ಮಹಡಿಯಲ್ಲೂ ಕಿಟಕಿ ಮುಚ್ಚುತ್ತಾನೆ, ಆಡಲು ಕೆಳಗಿಳಿಯುವುದಿಲ್ಲ. ನಮ್ಮಮ್ಮ ಯಂತ್ರ ಕಟ್ಟಿಸಿದ್ದಾರೆ. ನಾನು ಒಂದು ನಾಯಿಮರಿಯನ್ನೇ ಮನೆಗೆ ತಂದುಬಿಟ್ಟರೆ ಭಯ ಹೋಗುತ್ತೆ ಅಂತಿದೀನಿ.
(ಒಬ್ಬ ತಂದೆ, ನಾಗರಬಾವಿ)

ಉತ್ತರ: ಮರಿ ತರಬೇಡಿ. ಮನೆಯೊಂದೇ ಅವನಿಗೆ ಉಳಿದಿರುವ ಸುರಕ್ಷಿತ ಜಾಗ, ಅದನ್ನೂ ಕಿತ್ತುಕೊಂಡಂತಾಗುತ್ತದೆ. ಪಾಪ, ಮರಿಗೂ ಕಷ್ಟ.

ನೂರು ವರ್ಷದ ಹಿಂದಿನ ಒಂದು ಮಗುವಿನ ಕಥೆ ಹೇಳುತ್ತೇನೆ. ಅಮೆರಿಕದಲ್ಲಿ ಮೇರಿ ಕವರ್ ಜೋನ್ಸ್ ಎಂಬ ಯುವ ಸಂಶೋಧಕಿ 1924ರಲ್ಲಿ ಪ್ರಕಟಿಸಿದ್ದು. ಪೀಟರ್ ಅಂತ ಮೂರು ವರ್ಷ ತುಂಬದ ಹುಡುಗ, ಮೊಲ ಕಂಡರೆ ಚೀರುತ್ತಿದ್ದ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿರುವ ಮೊಲವನ್ನು ಅವನ ಊಟ ಕೆಡದಷ್ಟು ದೂರದಲ್ಲಿ ಇಡುತ್ತಿದ್ದರು, ದಿನದಿನಕ್ಕೂ ಸ್ವಲ್ಪ ಹತ್ತಿರ ತರುತ್ತಿದ್ದರು. ಹೆದರದೆ ಮೊಲದ ಜೊತೆ ಆಡುವ ಬೇರೆ ಮಕ್ಕಳನ್ನೂ ಜೊತೆಗೆ ಬಿಡುತ್ತಿದ್ದರು. ಈ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ನಡುವಿನ ಭಾಗ. ಚೆನ್ನಾಗಿ ಸುಧಾರಿಸುತ್ತಿದ್ದ ಹುಡುಗನಿಗೆ ಸ್ಕಾರ್ಲೆಟ್ ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿಂದ ಹೊರಡುವ ಹೊತ್ತಿಗೆ ಒಂದು ದೊಡ್ಡ ನಾಯಿ ಮೇಲೆರಗಿತು. ಭಯ ಮತ್ತೆ ಮೊದಲಿನ ಮಟ್ಟಕ್ಕೇ ಹೋಯಿತು. ಜೋನ್ಸ್ ಮತ್ತೆ ಮೊದಲಿನಿಂದ ಶುರು ಮಾಡಿದರು. ಕೊನೆಗೆ ಹುಡುಗ ಮೊಲವನ್ನು ಮುದ್ದಿಸಿದ.

ನಿಮ್ಮ ಮಗನಿಗೂ ಅದೇ ಲೆಕ್ಕ. ಮೊದಲು ಚಿತ್ರ, ಆಮೇಲೆ ಸದ್ದಿಲ್ಲದ ವಿಡಿಯೊ, ಆಮೇಲೆ ಸದ್ದಿರುವ ವಿಡಿಯೊ, ಬಾಲ್ಕನಿಯಿಂದ ಬೀದಿಯ ನಾಯಿ. ಗೊತ್ತಿರುವವರ ಮನೆಯಲ್ಲಿ ವಯಸ್ಸಾದ, ಶಾಂತ ನಾಯಿಯಿದ್ದರೆ ಅದನ್ನು ಹಗ್ಗದಲ್ಲಿ ಹಿಡಿಸಿ, ಮೊದಲ ದಿನ ಗೇಟಿನಾಚೆಯಿಂದ ನೋಡಲಿ. ಹೆಜ್ಜೆ ಎಣಿಸುವ ಕೆಲಸ ಅವನದೇ. ಒಂದು ಹೆಜ್ಜೆ ಮುಂದಿಟ್ಟರೆ ಬೆನ್ನು ತಟ್ಟಿ, ಹಿಂದಿಟ್ಟರೆ ಗದರಬೇಡಿ. ಜೊತೆಗೆ ನಿಮ್ಮ ಮುಖ ನೋಡಿಕೊಳ್ಳಿ. ನಾಯಿ ಬಂದಾಗ ನೀವೇ ಅವನ ಕೈಯನ್ನು ಗಟ್ಟಿಯಾಗಿ ಎಳೆದರೆ ಅವನು ಕಲಿಯುವುದು ಆ ಎಳೆತವನ್ನು. ಬೀದಿನಾಯಿ ಹತ್ತಿರ ಬಂದರೆ ಓಡದೆ, ಕಣ್ಣಲ್ಲಿ ಕಣ್ಣಿಡದೆ ಮರದ ಹಾಗೆ ನಿಲ್ಲುವುದನ್ನು, ಮಲಗಿದ, ಉಣ್ಣುವ, ಮರಿ ಹಾಕಿದ ನಾಯಿಯ ತಂಟೆಗೆ ಹೋಗಬಾರದೆಂಬುದನ್ನು ಕಲಿಸಿ. ನಮ್ಮ ಬೀದಿಗಳಲ್ಲಿ ಅಷ್ಟು ಎಚ್ಚರ ಬೇಕೇ ಬೇಕು.

ಯಂತ್ರ ಇರಲಿ ಬಿಡಿ, ಅಜ್ಜಿಯ ಜೊತೆ ಜಗಳ ಬೇಡ. ಏಣಿಯ ಕೊನೆಯ ಮೆಟ್ಟಿಲಲ್ಲಿ ಅದನ್ನು ಅರ್ಧ ಗಂಟೆ ಅಜ್ಜಿಯ ಕೈಗೇ ಕೊಟ್ಟು ಕೆಳಗಿಳಿದು ಬರಲಿ.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಕಣ್ಣೆದುರೇ ಒಂದು ಅಪಘಾತ ನೋಡಿದೆ. ಅಂದಿನಿಂದ ರಕ್ತ ಕಂಡರೆ, ಸೂಜಿ ಚುಚ್ಚಿದರೆ ಬಿದ್ದೇಬಿಡುತ್ತೇನೆ. ಈಗ 46, ಶುಗರ್ ಇದೆ, ರಕ್ತಪರೀಕ್ಷೆ ಮಾಡಿಸಲೇಬೇಕು. ಮೈ ಸಡಿಲ ಬಿಟ್ಟು ಉಸಿರಾಡಿ ಅಂತಾರೆ, ಹಾಗೆ ಮಾಡಿದರೆ ಇನ್ನೂ ಬೇಗ ಬೀಳ್ತೀನಿ!
(ರಾಜಾಜಿನಗರ)

ಉತ್ತರ: ನಿಮ್ಮ ಮೈ ಹೇಳುತ್ತಿರುವುದೇ ಸರಿ. ಬೇರೆ ಭಯಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ರಕ್ತದ ಭಯದಲ್ಲಿ ಮಾತ್ರ ಒಂದು ಕ್ಷಣ ಏರಿ, ಮರುಕ್ಷಣ ದಬಕ್ಕನೆ ಇಳಿಯುತ್ತವೆ, ಅದಕ್ಕೇ ತಲೆ ತಿರುಗುವುದು. ಇಳಿಯುತ್ತಿರುವ ಒತ್ತಡದ ಮೇಲೆ ಮೈಯನ್ನೂ ಸಡಿಲ ಬಿಟ್ಟರೆ ನೆಲವೇ ಗತಿ. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ ಇದಕ್ಕೆ ತಿರುಗಾಮುರುಗಾ ಉಪಾಯ ಕಂಡುಹಿಡಿದರು. ಕುರ್ಚಿಯಲ್ಲಿ ಕೂತು ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿ ಮಾಡಿ, ಮುಖ ಬೆಚ್ಚಗಾಗುವವರೆಗೆ, ಅಂದರೆ 10-15 ಸೆಕೆಂಡು. ಬಿಡಿ, ಆದರೆ ಪೂರ್ತಿ ಜೋತುಬೀಳಬೇಡಿ. ಅರ್ಧ ನಿಮಿಷ ಬಿಟ್ಟು ಮತ್ತೆ. ಒಂದು ಸಲಕ್ಕೆ ಐದು ಸುತ್ತು, ದಿನಕ್ಕೆ ಮೂರ್ನಾಲ್ಕು ಸಲ, ಒಂದು ವಾರ. ಆಮೇಲೆ ಸೂಜಿಯ ಚಿತ್ರ ನೋಡುತ್ತಾ ಬಿಗಿ ಮಾಡಿ, ಆಮೇಲೆ ಲ್ಯಾಬಿನ ಬಾಗಿಲಲ್ಲಿ. ಚುಚ್ಚುವ ತೋಳನ್ನು ಮಾತ್ರ ಸಡಿಲವಾಗಿ ಬಿಡಿ, ಮಲಗಿಸಿ ರಕ್ತ ತೆಗೆಯಲು ಕೇಳಿ, ನಾಚಿಕೆ ಬೇಡ. ಬಿಪಿ ಅಥವಾ ಹೃದಯದ ತೊಂದರೆಯಿದ್ದರೆ ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಪ್ರಶ್ನೆ: ಇದಕ್ಕೆಲ್ಲ ಎಲ್ಲಿಗೆ ಹೋಗಬೇಕು? ಖರ್ಚಿಗೆ ಹೆದರಿಯೇ ಕೂತಿದ್ದೇನೆ.
(ಪೀಣ್ಯ)

ಉತ್ತರ: ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಸರ್ಕಾರಿ ಸಂಸ್ಥೆ. ಜನ ಹೆಚ್ಚು, ಬೆಳಗ್ಗೆ ಬೇಗ ಹೋಗಿ, ಬುತ್ತಿ ಕಟ್ಟಿಕೊಂಡು. ಮನೆಯಿಂದಲೇ ಮೊದಲ ಹೆಜ್ಜೆ ಇಡಬೇಕೆಂದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಖಾಸಗಿಯವರ ಬಳಿ ಹೋಗುವುದಾದರೆ ಆರ್‌ಸಿಐ ನೋಂದಣಿ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ, ಇದೆಯಾ ಅಂತ ಕೇಳಿ. ಜೊತೆಗೆ "ನೀವು ಎಕ್ಸ್‌ಪೋಷರ್ ಮಾಡಿಸ್ತೀರಾ, ಎಷ್ಟು ಸಲ ಬರಬೇಕಾಗುತ್ತೆ" ಅಂತಲೂ ಕೇಳಿ. ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಪ್ರಶ್ನೆ: ನನಗೆ 78. ನಿಮ್ಮ ಅಂಕಣ ತಪ್ಪದೆ ಓದುತ್ತೇನೆ. ನಮ್ಮ ಕಾಲದಲ್ಲಿ ಬಿದ್ದೆವು, ಎದ್ದೆವು, ಮುಂದೆ ಹೋದೆವು. ಈ ಫೋಬಿಯಾ, ಟ್ರಾಮಾ ಎಲ್ಲ ಎಲ್ಲಿತ್ತಮ್ಮ ಆಗ?
(ನಿವೃತ್ತ ಮೇಷ್ಟ್ರು, ಮಲ್ಲೇಶ್ವರಂ)

ಉತ್ತರ: ನಮ್ಮ ಮನೆಯಲ್ಲೇ ಇತ್ತು, ಸರ್. ತುಮಕೂರು ಕಡೆಯ ನಮ್ಮೂರಿನ ಮನೆಯ ಹಿತ್ತಲಲ್ಲಿ ಬಾವಿ. ನಮ್ಮಜ್ಜಿ ಆ ಬಾವಿಯ ಹತ್ತಿರ ಸುಳಿದದ್ದನ್ನು ನಾನು ನೋಡಿಯೇ ಇಲ್ಲ. ಕೇಳಿದರೆ, ಅಜ್ಜಿಗೆ ಸೊಂಟನೋವು, ನೀರು ಸೇದೋಕಾಗಲ್ಲ ಅನ್ನುತ್ತಿದ್ದರು. ಅದೇ ಅಜ್ಜಿ ಎರಡು ಸೇರು ಅಕ್ಕಿ ನೆನೆಹಾಕಿ ಒರಳಿನಲ್ಲಿ ರುಬ್ಬುತ್ತಿದ್ದರು, ಆಗ ಸೊಂಟ ಎಲ್ಲಿ ಹೋಗುತ್ತಿತ್ತೋ. ಅವರು ತೀರಿಕೊಂಡ ಮೇಲೆ ಚಿಕ್ಕಜ್ಜಿ ಹೇಳಿದರು: ತವರಲ್ಲಿ ಒಂಬತ್ತು ವರ್ಷದವರಿದ್ದಾಗ ಅವರ ಜೊತೆ ನೀರಿಗೆ ಹೋಗಿದ್ದ ಗೆಳತಿ ಬಾವಿಗೆ ಬಿದ್ದಳಂತೆ, ಹಗ್ಗದ ತುದಿ ಇವರ ಕೈಯಲ್ಲಿತ್ತಂತೆ. ಆ ಮಾತನ್ನು ಅಜ್ಜಿ ಯಾರ ಹತ್ತಿರವೂ ಎರಡನೇ ಸಲ ಆಡಲಿಲ್ಲ.

ನೀರು ತಾತ ಸೇದುತ್ತಿದ್ದರು. ಬೆಳಗ್ಗೆ ಹನ್ನೆರಡು ಕೊಡ, ಸಂಜೆ ಎಂಟು, ಮನೆಗೆ ನಲ್ಲಿ ಬರುವವರೆಗೂ. "ನೀನಿರು, ನಾನೇ ಸೇದ್ತೀನಿ" ಅನ್ನುತ್ತಿದ್ದರು. ಅಂಥ ಗಂಡ ಎಲ್ಲಿ ಸಿಗುತ್ತಾನೆ ಅಂತ ಊರೆಲ್ಲ ಹೊಗಳುತ್ತಿತ್ತು. ಹಗ್ಗ ತಿಕ್ಕಿ ತಿಕ್ಕಿ ಅವರ ಬಲಗೈ ಅಂಗೈಯಲ್ಲಿ ಒಂದು ಗೆರೆ ಬಿದ್ದಿತ್ತು. ಸಣ್ಣವಳಿದ್ದಾಗ ಅದರೊಳಗೆ ಬೆರಳಿಟ್ಟು ಆಡುತ್ತಿದ್ದೆ.